ಕಸಿ ಕಟ್ಟಿದ ಮಾರುತಿ

ಭಾನುವಾರ ಬೆಳಗಿನ ಆರು ಗಂಟೆಗೆ ದೇವನಹಳ್ಳಿ ದಾಟಿ ನಂದಿಬೆಟ್ಟದ ದಾರಿ ಹಿಡಿದವರಲ್ಲಿ ಕೆಲವರಿಗಾದರೂ ಇದು ಆಗಿರುತ್ತದೆ. ಕನ್ನಡಿಯಲ್ಲಿ ಒಂದು ಹಳೇ ಮಾರುತಿ 800 ಕಾಣಿಸುತ್ತದೆ. ಬಿಳಿ ಬಣ್ಣ ಮಾಸಿ ಹಳದಿಗೆ ತಿರುಗಿದೆ, ಬಂಪರಿನ ಒಂದು ಮೂಲೆಗೆ ತಂತಿ ಬಿಗಿದಿದ್ದಾರೆ. ಪಾಪ, ಯಾರೋ ಹಾಲು ತರಲು ಹೊರಟವರು ಅಂದುಕೊಳ್ಳುವಷ್ಟರಲ್ಲಿ ಅದು ನಿಮ್ಮ ಹೊಸ ಎಸ್‌ಯುವಿಯನ್ನು ಹಿಂದೆ ಹಾಕಿ ಮುಂದಿನ ತಿರುವಿನಲ್ಲಿ ಮರೆಯಾಗಿರುತ್ತದೆ. ನಾಲ್ಕು ಜನ ಓಡಾಡುವ ರಸ್ತೆಯಲ್ಲಿ ಹಾಗೆ ಓಡಿಸುವುದು ಸರಿಯಲ್ಲ, ಆ ಮಾತು ಬೇರೆ. ಆದರೆ ಕಿವಿಗೆ ಬಿದ್ದ ದನಿ ಮಾರುತಿ 800ರದಲ್ಲ.

800ರ ದನಿ ನಮಗೆಲ್ಲ ಗೊತ್ತು. ನಮ್ಮಲ್ಲಿ ಎಷ್ಟೋ ಜನ ಕ್ಲಚ್ಚು, ಗೇರು ಕಲಿತದ್ದೇ ಅದರಲ್ಲಿ. ಸಿಗ್ನಲಿನಲ್ಲಿ ನಿಂತರೆ ಚಳಿಜ್ವರ ಬಂದವರ ಹಾಗೆ ಸಣ್ಣಗೆ ನಡುಗುತ್ತದೆ, ಓಡುವಾಗ ಹೊಲಿಗೆ ಮಿಶನ್ನಿನಂತೆ ಟರಟರ ಎನ್ನುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿನ ಗುಣ ಅದು. 796 ಸಿಸಿ, ಒಂದೊಂದು ಪಿಸ್ಟನ್ನಿನ ಅಗಲ 68.5 ಮಿಲಿಮೀಟರು, ಪುಟ್ಟ ಇಡ್ಲಿಯಷ್ಟು. ಕಾರ್ಬೊರೇಟರ್ ಕಾಲದ 800ರಲ್ಲಿ ಅದು ಕೊಡುತ್ತಿದ್ದದ್ದು 40 ಅಶ್ವಶಕ್ತಿಗೂ ಕಡಿಮೆ. ನಂದಿಬೆಟ್ಟದ ದಾರಿಯಲ್ಲಿ ಕೇಳಿಸಿದ್ದು ನಾಲ್ಕು ಸಿಲಿಂಡರಿನ, 1298 ಸಿಸಿಯ, 85 ಅಶ್ವಶಕ್ತಿಯ ಮಾರುತಿ ಎಸ್ಟೀಮ್ ಎಂಜಿನ್ನು. ಮೈ ಒಂದರದು, ಗುಂಡಿಗೆ ಇನ್ನೊಂದರದು. ಸುಮಾರು 650 ಕೆ.ಜಿ. ತೂಗುವ ಗಾಡಿಗೆ ಶಕ್ತಿ ಎರಡು ಪಟ್ಟು ಮೀರಿದರೆ ಏನಾಗುತ್ತದೆಂದು ತಿಳಿಯಲು ಲೆಕ್ಕದ ಮೇಷ್ಟ್ರು ಬೇಕಿಲ್ಲ.

ಇಂಥ ಗಾಡಿಗಳ ಹುಚ್ಚು ಹಿಡಿದವರ ಬಳಗ ನಮ್ಮ ಊರುಗಳಲ್ಲಿ ದೊಡ್ಡದೇ ಇದೆ. ನಾನು ಅದರ ಅಂಚಿನಲ್ಲಿ ನಿಂತವನು. ಒಮ್ಮೆ ಒಳಗೆ ಕಾಲಿಟ್ಟು ಕೈ ಸುಟ್ಟುಕೊಂಡ ಕತೆ ಆಮೇಲೆ ಬರುತ್ತದೆ. ಕಾರು ಕೊಂಡ ದುಡ್ಡಿನ ಮೂರು ನಾಲ್ಕು ಪಟ್ಟನ್ನು ಅದರ ಹೊಟ್ಟೆಗೇ ಸುರಿಯುವ ಇವರನ್ನು ಕಂಡು ಮನೆಯವರು ಹಣೆ ಚಚ್ಚಿಕೊಳ್ಳುತ್ತಾರೆ. ಹೊರಗಿನವರು ಮಾತ್ರ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಹಳೇ ನೆನಪು, ಬಾಲ್ಯದ ಮೋಹ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅಜ್ಜಿಯ ಹಿತ್ತಾಳೆ ಚೊಂಬನ್ನು ನೆನಪಿಗೆಂದು ಇಟ್ಟುಕೊಂಡವರು ಅದನ್ನು ಕೊಯ್ದು ಬೇರೆ ಮೂತಿ ಬೆಸೆಯುವುದಿಲ್ಲ. ಈ ಜನ ಕೊಯ್ಯುತ್ತಾರೆ, ಬೆಸೆಯುತ್ತಾರೆ, ಹಾಳು ಮಾಡಿ ಮತ್ತೆ ಸರಿಪಡಿಸುತ್ತಾರೆ. ಅವರ ಸುಖ ಇರುವುದು ತೆರೆದು ನೋಡಿದರೆ ಅರ್ಥವಾಗುವ, ಕೈ ಹಾಕಿದರೆ ಒಗ್ಗುವ ಯಂತ್ರದಲ್ಲಿ.

ಕಾರಿನ ಜಾತಕ ನೋಡಿದರೆ ಇದು ಇನ್ನಷ್ಟು ಸ್ಪಷ್ಟ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿ ಹಸ್ತಾಂತರಿಸಿದರು. ಆ ಡಬ್ಬದಾಕಾರದ ಮೊದಲ ರೂಪಕ್ಕೆ ಅಭಿಮಾನಿಗಳು ಇಂದಿಗೂ ಅದರ ಮಾದರಿ ಹೆಸರಿನಿಂದ ‘ಎಸ್ಎಸ್80’ ಎನ್ನುತ್ತಾರೆ. 1986ರಲ್ಲಿ ಮೈ ಬದಲಾಯಿತು. ನಾವು 800 ಎಂದೊಡನೆ ಕಣ್ಣಿಗೆ ಬರುವ ಮೂತಿ ಅಂದಿನದು. 2014ರ ಜನವರಿಯಲ್ಲಿ ಕೊನೆಯ ಕಾರು ಹೊರಬೀಳುವವರೆಗೆ, 30 ವರ್ಷ, ಒಳಗಿನ ಏರ್ಪಾಡು ಹೆಚ್ಚು ಕಡಿಮೆ ಅದೇ. ಹೀಗಾಗಿ ಬೀದರಿನಿಂದ ಚಾಮರಾಜನಗರದವರೆಗೆ ಯಾವ ಊರಿನ ಮೆಕ್ಯಾನಿಕ್ಕಿಗಾದರೂ ಅದು ಬಾಯಿಪಾಠ. ಕಾರ್ಬೊರೇಟರ್ ಕಾಲದ 800ರ ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ನೆಲ ಕಾಣುತ್ತದೆ. ಸ್ಪ್ಯಾನರ್ ಕೈಜಾರಿದರೆ ಸೀದಾ ಮಣ್ಣಿಗೆ ಬೀಳುತ್ತದೆ, ಬಗ್ಗಿ ಎತ್ತಿಕೊಂಡರಾಯಿತು. ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ.

ಇಲ್ಲೊಂದು ಸ್ವಾರಸ್ಯವಿದೆ. 1986ರ ನಮ್ಮ 800ಕ್ಕೆ ಜಪಾನಿನಲ್ಲಿ ಅವಳಿ ಸೋದರನಿದ್ದ, ಸುಝುಕಿ ಆಲ್ಟೊ. ಅಲ್ಲಿ ‘ಕೆಯ್’ ಎಂಬ ಸಣ್ಣ ಕಾರುಗಳ ವರ್ಗಕ್ಕೆ ಸರ್ಕಾರವೇ ಅಳತೆ ಗೊತ್ತುಮಾಡಿತ್ತು. ಎಂಜಿನ್ನು 550 ಸಿಸಿ ಮೀರಕೂಡದು. ಆ ಕಟ್ಟಿನೊಳಗೇ ಇದ್ದುಕೊಂಡು ಸುಝುಕಿ 1987ರಲ್ಲಿ ‘ಆಲ್ಟೊ ವರ್ಕ್ಸ್’ ತಂದಿತು: 543 ಸಿಸಿ, ಟರ್ಬೊ, 64 ಅಶ್ವಶಕ್ತಿ. ಹೀಗೇ ಬಿಟ್ಟರೆ ಪೈಪೋಟಿ ಎಲ್ಲಿಗೆ ಮುಟ್ಟೀತೋ ಎಂದು ಅಲ್ಲಿನ ಕಾರು ಕಂಪನಿಗಳು 64ನ್ನೇ ಮೇಲ್ಮಿತಿಯೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡವು. ಇಂದಿಗೂ ಕೆಯ್ ಕಾರುಗಳ ಮಿತಿ ಅದೇ. ನಮ್ಮ ಮನೆಮುಂದೆ ತರಕಾರಿ ಚೀಲ ಹೊರುತ್ತಿದ್ದ ಸಾಧು ಪ್ರಾಣಿಯ ಅಣ್ಣ ಜಪಾನಿನಲ್ಲಿ ಪೈಲ್ವಾನನಾಗಿದ್ದ ಎಂದು ತಿಳಿದ ಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? 800ರ ಬಾನೆಟ್ಟಿಗೆ ಗಾಳಿಗಂಡಿ ಕೊರೆದು, ಅಕ್ಕಪಕ್ಕ ‘ವರ್ಕ್ಸ್’ ಎಂದು ಬರೆಸಿಕೊಳ್ಳುವ ಚಟಕ್ಕೆ ಮೂಲ ಇದು.

ಎಂಜಿನ್ ಬದಲಿಸುವ ಕೆಲಸ ತೋಟ ಮಾಡುವವರಿಗೆ ಬೇಗ ಅರ್ಥವಾಗುತ್ತದೆ. ಕಾಟುಮಾವಿನ ಬುಡಕ್ಕೆ ರಸಪುರಿಯ ಕುಡಿ ಕಟ್ಟಿದರೆ ಹತ್ತುತ್ತದೆ, ಹಲಸಿನ ಕುಡಿ ಹತ್ತುವುದಿಲ್ಲ. ಕಾರಿನಲ್ಲೂ ಕುಲ ನೋಡಿಯೇ ಕಸಿ ಕಟ್ಟಬೇಕು. ಮಾರುತಿಯ ವಿಷಯದಲ್ಲಿ ಕುಲ ದೊಡ್ಡದು: 800, ಝೆನ್, ಎಸ್ಟೀಮ್, ಜಿಪ್ಸಿ ಎಲ್ಲ ದಾಯಾದಿಗಳು. ಅಂಜುಬುರುಕರು ಮೊದಲು ಝೆನ್ನಿನ 993 ಸಿಸಿ ಅಲ್ಯೂಮಿನಿಯಂ ಎಂಜಿನ್ ಹಾಕಿಸುತ್ತಾರೆ. ಅದು 50 ಅಶ್ವಶಕ್ತಿಯದು, ಹಗುರ, ಗಲಾಟೆ ಕಡಿಮೆ. ಧೈರ್ಯಸ್ಥರು ಎಸ್ಟೀಮಿಗೆ ಕೈ ಹಾಕುತ್ತಾರೆ.

ಮೈಸೂರು ರಸ್ತೆಯ ಪಕ್ಕದ ಒಂದು ಗ್ಯಾರೇಜಿನಲ್ಲಿ ಅಂಥದ್ದೊಂದು ಕಸಿ ನಡೆಯುವುದನ್ನು ಎರಡು ವಾರ ಬಿಡುವಾದಾಗಲೆಲ್ಲ ಹೋಗಿ ನೋಡಿದ್ದೇನೆ. ಎಸ್ಟೀಮ್ ಎಂಜಿನ್ ಸರಪಳಿಯಲ್ಲಿ ತೂಗುತ್ತಿತ್ತು. ಕೆಳಗೆ 800ರ ಖಾಲಿ ಹೊಟ್ಟೆ. ಕಾರಿನ ಯಜಮಾನ, ಸಾಫ್ಟ್‌ವೇರ್ ಹುಡುಗ, ಎರಡು ಮೂರು ಸಲ ಟೇಪು ಹಿಡಿದು ಅಳೆದು ಕೊನೆಗೆ ಕೇಳಿದ:

“ಕೂರುತ್ತಾ ಭಾಯ್?”

“ಕೂರಿಸಬೇಕು ಸಾರ್. ತಾನಾಗಿ ಕೂರೋದಿಲ್ಲ.”

ಕೂರಿಸುವುದೆಂದರೆ ಇಷ್ಟು. ಎಂಜಿನ್ ಹೊರುವ ಮೌಂಟುಗಳನ್ನು ಹೊಸದಾಗಿ ಮಾಡಿ ಬೆಸೆಯಬೇಕು. ರೇಡಿಯೇಟರ್ ದೊಡ್ಡದು ಬೇಕು, ಅದಕ್ಕೆ ಜಾಗ ಮಾಡಬೇಕು. ಎಂಜಿನ್ನಿನ ಜತೆ ಎಸ್ಟೀಮಿನ ಗೇರ್‌ಬಾಕ್ಸೂ ಬರುವುದರಿಂದ, ಅಲ್ಲಿಂದ ಚಕ್ರಕ್ಕೆ ಹೋಗುವ ಡ್ರೈವ್‌ಶಾಫ್ಟ್ ಒಳತುದಿಯಲ್ಲಿ ಎಸ್ಟೀಮಿಗೂ ಹೊರತುದಿಯಲ್ಲಿ 800ಕ್ಕೂ ಹೊಂದಬೇಕು. ಲೇತಿನವನ ಅಂಗಡಿಗೆ ಹೋಗಿ ಬರುವುದು ಇದಕ್ಕೇ. ಇಂಜೆಕ್ಷನ್ ಎಂಜಿನ್ ಆದರೆ ಅದರ ಕಂಪ್ಯೂಟರು, ವೈರಿಂಗಿನ ಕಟ್ಟು ಎಲ್ಲವನ್ನೂ ಬಿಡಿಸಿ ತಂದು ಇಲ್ಲಿ ಹರಡಬೇಕು. ಒಂದು ಸೆನ್ಸರ್ ತಂತಿ ತಪ್ಪಿದರೂ ಗಾಡಿ ಮುನಿಸಿಕೊಂಡು ನಿಲ್ಲುತ್ತದೆ. ಇಷ್ಟಾದ ಮೇಲೆ, ಬುದ್ಧಿ ಇದ್ದವರು ಇದಕ್ಕೆ ಮೊದಲೇ, ಬ್ರೇಕಿನ ಕಡೆ ನೋಡುತ್ತಾರೆ. 40 ಅಶ್ವಶಕ್ತಿಯನ್ನು ತಡೆಯಲು ಮಾಡಿದ ಬ್ರೇಕಿಗೆ 85ನ್ನು ಕೊಟ್ಟು ಹೊರಡುವವನನ್ನು ಯಾವ ಮೆಕ್ಯಾನಿಕ್ಕೂ ಮೆಚ್ಚುವುದಿಲ್ಲ. ಮೂತಿ ಭಾರವಾಗಿ ತಿರುವಿನಲ್ಲಿ ಕಾರು ನೇರ ಹೋಗಲು ನೋಡುತ್ತದೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಬದಲಿಸದೆ ಗತಿಯಿಲ್ಲ. ಹೀಗೆ ಒಂದು ಎಳೆ ಎಳೆದರೆ ಸೀರೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲ ಸಲ ಸ್ಟಾರ್ಟ್ ಆದಾಗ ಆ ಹುಡುಗನ ಮುಖ ನೋಡಬೇಕಿತ್ತು. ಆಫೀಸಿನಲ್ಲಿ ದಿನವಿಡೀ ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಇದು ಹೊಗೆ ಬಿಡುತ್ತದೆ, ಮೂಗಿಗೆ ಪೆಟ್ರೋಲು ಬಡಿಯುತ್ತದೆ ಎಂದ. ದುಬಾರಿ ಕಾರಿನಲ್ಲಿ ಇಂಥ ಆಟ ಆಡಲಾಗದು. ತಪ್ಪು ಮಾಡಿದರೆ ಮನೆ ಅಡವಿಡಬೇಕಾಗುತ್ತದೆ. 800ರಲ್ಲಿ ತಪ್ಪು ಮಾಡಿದರೆ ಶಿವಾಜಿನಗರದ ಗುಜರಿಗೋ ಜೆ.ಸಿ. ರಸ್ತೆಗೋ ಒಂದು ಸುತ್ತು, ಅಷ್ಟೆ.

ಎಲ್ಲರೂ ವೇಗದ ಹಿಂದೆ ಬಿದ್ದವರಲ್ಲ. ವಿಚಿತ್ರವನ್ನೇ ಪ್ರೀತಿಸುವ ಇನ್ನೊಂದು ಪಂಗಡವಿದೆ, ಮತ್ತು ಸತ್ಯ ಹೇಳುವುದಾದರೆ ನನ್ನ ಒಲವು ಅತ್ತ. ಅಗ್ಗದ ಕಾರಿನಲ್ಲಿ ವಿಚಿತ್ರಗಳು ಹೆಚ್ಚು, ಏಕೆಂದರೆ ಪ್ರತಿ ರೂಪಾಯಿ ಉಳಿಸಲು ಎಂಜಿನಿಯರು ಹೊಸ ದಾರಿ ಹುಡುಕಲೇಬೇಕು. 800ರ ಅದೇ 796 ಸಿಸಿ ಎಂಜಿನ್ನನ್ನು 1984ರ ಮಾರುತಿ ವ್ಯಾನಿನಲ್ಲಿ, ಮುಂದೆ ಓಮ್ನಿ ಎನಿಸಿಕೊಂಡ ಗಾಡಿಯಲ್ಲಿ, ಎಲ್ಲಿಟ್ಟರು? ಮುಂದಿನ ಸೀಟಿನ ಕೆಳಗೆ. ಬೇಸಗೆಯಲ್ಲಿ ಓಮ್ನಿ ಓಡಿಸಿದವರ ಬೆನ್ನಿನ ಕೆಳಭಾಗಕ್ಕೆ ಅದು ಗೊತ್ತು. ಅಷ್ಟೇ ಅಲ್ಲ, 800 ಮುಂದಿನ ಚಕ್ರಗಳಿಂದ ಎಳೆಸಿಕೊಂಡು ಹೋಗುತ್ತದೆ, ಓಮ್ನಿಯನ್ನು ಹಿಂದಿನ ಚಕ್ರಗಳು ನೂಕುತ್ತವೆ. ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದ ವ್ಯಾನನ್ನು ಖಾಲಿ ಮೈದಾನದಲ್ಲಿ ಬಾಲ ಎಸೆದು ಅಡ್ಡಡ್ಡ ಜಾರಿಸುವ ಹುಡುಗರು ಇರುವುದು ಈ ಕಾರಣಕ್ಕೆ.

ಟಾಟಾ ನ್ಯಾನೊ ಇನ್ನೂ ಒಂದು ಹೆಜ್ಜೆ ಮುಂದೆ. 2009ರಲ್ಲಿ ಬಂದ ಈ ಗಾಡಿಯ 624 ಸಿಸಿ, ಎರಡು ಸಿಲಿಂಡರಿನ ಎಂಜಿನ್ನು ಹಿಂದಿತ್ತು. ಭಾರ ಹಿಂದೆ ಇದ್ದುದರಿಂದ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಚಕ್ರಕ್ಕೆ ಮೂರೇ ಬೋಲ್ಟು, ಗಾಜು ಒರೆಸಲು ಒಂದೇ ವೈಪರು. ಪೆಟ್ರೋಲು ಹಾಕಿಸಲು ಬಂಕಿನಲ್ಲಿ ಮುಂದಿನ ಬಾನೆಟ್ ಎತ್ತಬೇಕಿತ್ತು, ಸ್ಟೆಪ್ನಿಯೂ ಅಲ್ಲೇ. ಮೊದಲ ಮಾದರಿಗಳಲ್ಲಿ ಹಿಂದಿನ ಡಿಕ್ಕಿ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಬಂಕಿನ ಹುಡುಗ ಹಿಂದೆ ಮುಂದೆ ಸುತ್ತಿ ಟ್ಯಾಂಕಿನ ಬಾಯಿ ಹುಡುಕುವುದನ್ನು ನ್ಯಾನೊ ಇಟ್ಟುಕೊಂಡವರು ಇಂದಿಗೂ ನಗುನಗುತ್ತಾ ಹೇಳುತ್ತಾರೆ. ಬಡವರ ಕಾರು ಎಂಬ ಹಣೆಪಟ್ಟಿ ಅದನ್ನು ಮಾರುಕಟ್ಟೆಯಲ್ಲಿ ಕೊಂದಿತು ಎನ್ನುತ್ತಾರಲ್ಲ, ಇರಬಹುದು. ಆದರೆ ಎಂಜಿನಿಯರಿಂಗಿನಲ್ಲಿ ಅಷ್ಟು ಹಟ ತೋರಿದ ಕಾರು ನಮ್ಮ ದೇಶದಲ್ಲಿ ಹೆಚ್ಚು ಬಂದಿಲ್ಲ ಎಂದೇ ನನ್ನ ಲೆಕ್ಕ.

ವಿಚಿತ್ರಗಳ ವಿಷಯದಲ್ಲಿ ಬೆಂಗಳೂರಿಗೆ ಸ್ವಂತ ಪರಂಪರೆಯೇ ಇದೆ, ಬೆಂಗಳೂರಿನವರಿಗೇ ಅದು ಮರೆತುಹೋಗಿದೆ. 1970ರ ದಶಕದಲ್ಲಿ ಇಲ್ಲಿನ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ‘ಬಾದಲ್’ ಎಂಬ ಕಾರು ಮಾಡಿತು. ಚಕ್ರ ಮೂರು, ಮುಂದೊಂದು, ಹಿಂದೆರಡು. ಮೈ ಫೈಬರ್‌ಗ್ಲಾಸಿನದು, ಎಂಜಿನ್ನು 198 ಸಿಸಿ, ಅದೂ ಹಿಂದೆ. ಆಟೊರಿಕ್ಷಾಕ್ಕೆ ಕಾರಿನ ಅಂಗಿ ತೊಡಿಸಿದಂತಿತ್ತು. ಆಮೇಲೆ ಕಂಪನಿಯ ಹೆಸರು ಸಿಪಾನಿ ಎಂದಾಯಿತು. 1982ರಲ್ಲಿ ಬಂದದ್ದು ‘ಡಾಲ್ಫಿನ್’, ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರಿನ ಭಾರತದ ಅವತಾರ. ಮತ್ತೆ ಫೈಬರ್ ಮೈ, ಎರಡೇ ಬಾಗಿಲು, ಅಲ್ಯೂಮಿನಿಯಂನ 848 ಸಿಸಿ ಎಂಜಿನ್ನು. ನಾಲ್ಕು ಜನರ ಸಂಸಾರಕ್ಕೆ ಎರಡು ಬಾಗಿಲಿನ ಕಾರು ರುಚಿಸಲಿಲ್ಲ. ಮರುವರ್ಷವೇ ಮಾರುತಿ ಬಂದು ಗ್ರಾಹಕರನ್ನು ಬಾಚಿಕೊಂಡಿತು. ಆದರೆ ಹಗುರ ಮೈಯ ಡಾಲ್ಫಿನ್ನನ್ನು ರ‍್ಯಾಲಿಯವರು ಕೈಬಿಡಲಿಲ್ಲ. ಮದರಾಸಿನ ಬಳಿಯ ಶೋಲಾವರಂ, ಎರಡನೇ ಮಹಾಯುದ್ಧದ ಕಾಲದ ಆ ಹಳೇ ವಿಮಾನದ ಓಡುದಾರಿ, ಅಂದು ದೇಶದ ರೇಸುಗಳ ತವರು. ಅಲ್ಲೂ ಡಾಲ್ಫಿನ್ ಓಡಿತು.

848 ಎಂಬ ಅಂಕಿ ಕೇಳಿ ಹಳಬರ ಕಿವಿ ನೆಟ್ಟಗಾದೀತು. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಬ್ರಿಟನ್ನಿನ ‘ಮಿನಿ’ಯ ಮೊದಲ ಎಂಜಿನ್ನೂ 848 ಸಿಸಿಯದೇ. ಎರಡಕ್ಕೂ ನಂಟಿಲ್ಲ, ಕಾಕತಾಳೀಯ. ಆದರೆ ಅಗ್ಗದ ಕಾರನ್ನು ತಿದ್ದಿ ತೀಡಿ ದೊಡ್ಡವರ ಮೀಸೆ ಬೋಳಿಸಬಹುದೆಂದು ಜಗತ್ತಿಗೆ ತೋರಿಸಿದ್ದು ಮಿನಿ. ಜಾನ್ ಕೂಪರ್ ಕೈಯಲ್ಲಿ ಪಳಗಿದ ಅದು ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದಿತು. ನಡುವಿನ 1966ರಲ್ಲೂ ಮೊದಲು ಬಂದಿತ್ತು. ಹೆಡ್‌ಲೈಟು ನಿಯಮಕ್ಕೆ ಹೊಂದುವುದಿಲ್ಲವೆಂದು ಅನರ್ಹಗೊಳಿಸಿದರು. ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ ಮುಂದಿನ ಚಕ್ರಕ್ಕೇ ಶಕ್ತಿ ಕೊಡುವ ಏರ್ಪಾಡನ್ನು ಮನೆಮಾತು ಮಾಡಿದ್ದೂ ಮಿನಿಯೇ. ನಮ್ಮ 800 ಆ ದಾರಿಯಲ್ಲೇ ಬಂದದ್ದು.

800ರ ಎಂಜಿನ್ನಿಗೂ ರೇಸಿನ ಯೋಗ ಇತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಅದನ್ನೇ ಹಾಕಿ ಒಂಟಿ ಸೀಟಿನ, ಚಕ್ರಗಳು ಹೊರಗೆ ಕಾಣುವ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ ಎಂಬ ಆ ಪುಟ್ಟ ಗಾಡಿಯಿಂದ ರೇಸು ಆರಂಭಿಸಿದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದರು.

ಇನ್ನು ರೇವಾ. 2001ರಲ್ಲಿ ಚೇತನ್ ಮೈನಿ ಬೆಂಗಳೂರಿನಿಂದ ಬೀದಿಗಿಳಿಸಿದ ಈ ವಿದ್ಯುತ್ ಕಾರನ್ನು ನೋಡಿ ನಾವು ನಕ್ಕೆವು. ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಡಚಿಕೊಂಡು ಕೂರಲು ಇಬ್ಬರು ಮಕ್ಕಳು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು, ಅಲ್ಲೂ ನಗೆಪಾಟಲಾಯಿತು. ಇಂದು ಊರೆಲ್ಲ ವಿದ್ಯುತ್ ಕಾರು ಓಡುವಾಗ ಆ ನಗು ನೆನೆದರೆ ಮುಜುಗರವಾಗುತ್ತದೆ. ಉಳಿದ ಕೆಲವು ರೇವಾಗಳ ಹಳೇ ಬ್ಯಾಟರಿ ಕಿತ್ತು ಲಿಥಿಯಂ ಹಾಕಿ, ಕಳೆದುಕೊಂಡ ಭಾರದ ಸುಖ ಅನುಭವಿಸುವವರು ಇಲ್ಲೂ ಇದ್ದಾರೆ, ಇಂಗ್ಲೆಂಡಿನಲ್ಲೂ ಇದ್ದಾರೆ. ಅದೂ ಕಸಿಯೇ.

ಎಲ್ಲ ಕಸಿಯನ್ನೂ ಹೊಗಳಲಾರೆ. ಸೈಲೆನ್ಸರ್ ತೂತು ಮಾಡಿ ರಾತ್ರಿ ಹನ್ನೊಂದಕ್ಕೆ ಬಡಾವಣೆ ಎಬ್ಬಿಸುವವನಿಗೂ ಈ ಕಲೆಗೂ ಸಂಬಂಧವಿಲ್ಲ. ಅವನ ಎಂಜಿನ್ನಿಗೆ ಒಂದು ಕುದುರೆಯೂ ಹೆಚ್ಚು ಬಂದಿರುವುದಿಲ್ಲ. ಇನ್ನೂ ಅಪಾಯದ್ದು 800ರ ಮಾಡು ಕತ್ತರಿಸಿ ತೆರೆದ ಕಾರು ಮಾಡುವುದು. ಜೀಪು, ಜಿಪ್ಸಿಗಳಿಗೆ ಕೆಳಗೆ ಬೇರೆಯೇ ಆದ ಚಾಸಿಸ್ ಇರುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಟಾಪು ತೆಗೆದ ಜೀಪು ದಶಕಗಳಿಂದ ಓಡುತ್ತಿರುವುದು ಅದರಿಂದ. 800ಕ್ಕೆ ಅಂಥ ಬೆನ್ನುಮೂಳೆ ಇಲ್ಲ. ನೆಲ, ಕಂಬ, ಮಾಡು ಎಲ್ಲ ಸೇರಿಯೇ ಅದರ ಬಲ, ಬೆಂಕಿಪೊಟ್ಟಣದ ಹಾಗೆ. ಮೇಲ್ಭಾಗ ಕತ್ತರಿಸಿದರೆ ನಡು ಬಗ್ಗುತ್ತದೆ, ಬಾಗಿಲು ಹಾಕಲು ಬರುವುದಿಲ್ಲ, ಅಪಘಾತವಾದರೆ ಕಾಯಲು ಏನೂ ಇರುವುದಿಲ್ಲ.

ಕಾನೂನಂತೂ ಇವರ ಕಡೆಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಾಯಿತು. ಎಂಜಿನ್ ಬದಲಿಸಬೇಕಾದರೆ ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಪ್ರಾಣದ ಪ್ರಶ್ನೆ ಇರುವಲ್ಲಿ ನಿಯಮ ಬೇಡವೆನ್ನಲಾರೆ. ಆದರೆ ಬ್ರೇಕು ಹಿಗ್ಗಿಸಿ, ಬೆಸುಗೆ ಪರೀಕ್ಷೆ ಮಾಡಿಸಿ ಶ್ರದ್ಧೆಯಿಂದ ಕಟ್ಟಿದ ಗಾಡಿಗೂ, ಕಿವಿ ಹರಿಯುವ ಸೈಲೆನ್ಸರ್ ಹಾಕಿದ ಗಾಡಿಗೂ ಒಂದೇ ಕೋಲು ಹಿಡಿಯುವ ಬದಲು, ತಪಾಸಣೆ ಮಾಡಿ ಸರ್ಟಿಫಿಕೇಟು ಕೊಡುವ ಒಂದು ದಾರಿ ಇರಬೇಕಿತ್ತು. ಜರ್ಮನಿಯಲ್ಲಿ ಅಂಥ ಏರ್ಪಾಡು ಇದೆ.

ಈಗ ನನ್ನ ಕತೆ. 2016ರಲ್ಲಿ 1997ರ ಒಂದು 800 ಕೊಂಡೆ. ಝೆನ್ ಎಂಜಿನ್ ಕೂರಿಸಿದ್ದರು, ಅಚ್ಚುಕಟ್ಟಾದ ಕೆಲಸ. ಚಾರ್ಮಾಡಿ ಘಾಟಿಯನ್ನು ಎರಡನೇ ಗೇರಿಗೆ ಇಳಿಸದೆ ಹತ್ತಿದ ದಿನ ನನಗೆ ನಿದ್ದೆ ಬರಲಿಲ್ಲ. ಮರುವರ್ಷ ನೋಂದಣಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿ, ಬ್ಯಾಟರಿ ಬೆಳಕು ಬಿಟ್ಟು, ಎಂಜಿನ್ ನಂಬರು ಓದಿ, ಆರ್‌ಸಿ ನೋಡಿ, ಕಾಗದ ಹಿಂದಕ್ಕೆ ಕೊಟ್ಟರು. ತಪ್ಪು ಅವರದಲ್ಲ. ಹಳೇ ಎಂಜಿನ್ನನ್ನೇ ಮತ್ತೆ ಕೂರಿಸೋಣವೆಂದು ಮಾರಿದವರಿಗೆ ಫೋನ್ ಮಾಡಿದರೆ, ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿ ಎರಡು ವರ್ಷವಾಗಿತ್ತು. ಬೇರೆ 796 ತಂದರೆ ಅದಕ್ಕೂ ಕಾಗದ ಬೇಕು, ಗುಜರಿಯವರ ಬಳಿ ಕಾಗದ ಎಲ್ಲಿಂದ ಬರಬೇಕು? ಆ ಕಾರು ಈಗ ಹಾಸನದ ನಮ್ಮ ಭಾವನ ತೋಟದಲ್ಲಿದೆ. ಬೇಲಿಯೊಳಗೆ ಗೊಬ್ಬರದ ಚೀಲ ಸಾಗಿಸುತ್ತದೆ, ಡಾಂಬರು ಕಾಣುವುದಿಲ್ಲ.

ಮೂಲ ಎಂಜಿನ್ನನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರುಗಳಿಗೆ ‘ವಿಂಟೇಜ್’ ನೋಂದಣಿ ಸಿಗುತ್ತದೆ, ‘ವಿಎ’ ಎಂಬ ಅಕ್ಷರಗಳ ಬೇರೆಯೇ ನಂಬರು. ಮುಖ್ಯ ಷರತ್ತು: ಚಾಸಿಸ್, ಮೈ, ಎಂಜಿನ್ನು ಮೂಲದ ಹಾಗೇ ಇರಬೇಕು. 1983ರ ಮೊದಲ ಮಾರುತಿಗಳು 2033ರ ಡಿಸೆಂಬರಿನಲ್ಲಿ ಆ ವಯಸ್ಸು ಮುಟ್ಟುತ್ತವೆ.

ಆದ್ದರಿಂದ ಕಸಿ ಕಟ್ಟಿಸಲು ಹೊರಟವರಲ್ಲಿ ಒಂದು ಮಾತು. ಇಳಿಸಿದ ಹಳೇ ಎಂಜಿನ್ನನ್ನು ಮಾರಬೇಡಿ. ಎಣ್ಣೆ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಮಂಚದ ಕೆಳಗಾದರೂ ಸರಿ ಇಟ್ಟುಕೊಳ್ಳಿ. ಇಡುವ ಮುಂಚೆ ಅದರ ಮೇಲೆ ಕೊರೆದಿರುವ ನಂಬರು ಆರ್‌ಸಿಯಲ್ಲಿರುವ ನಂಬರೇ ಎಂದು ಒಮ್ಮೆ ತಾಳೆ ನೋಡಿ.